ಗೋಡೆಯ ಮೇಲಿನ ಕರಿ ಹಲಗೆ: ಕಣ್ಣಿಗೆ ಕಾಣುವ ಲೆಕ್ಕದ ಕಥೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿಹಬ್ಬ ಆಚರಿಸಿಕೊಳ್ಳುತ್ತಿರುವುದು ನಮ್ಮೆಲ್ಲರಿಗೂ ಸಂತೋಷದ ವಿಷಯ. ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಅಧ್ಯಕ್ಷರು ಹೇಳಿದಾಗ ನನಗೆ ಅಳುಕಾಯಿತು. ನಾನು ಎಸ್ಸೆಸ್ಸೆಲ್ಸಿ ಓದಿದವನು. ನೇಗಿಲು, ಹಸು, ಹುಲ್ಲು ಬಿಟ್ಟರೆ ಬೇರೆ ವಿದ್ಯೆ ಕಾಣೆ. ಸಂಘದ ಕಟ್ಟಡ, ವಹಿವಾಟು, ಲಾಭಾಂಶ ಇವುಗಳ ಬಗ್ಗೆ ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ವಿವರವಾಗಿ ಬರೆದಿದ್ದಾರೆ. ಹಾಗಾಗಿ ಯಾರೂ ಬರೆಯದೆ ಬಿಟ್ಟಿರಬಹುದಾದ ಒಂದು ವಸ್ತುವಿನ ಬಗ್ಗೆ ಬರೆಯೋಣ ಎಂದುಕೊಂಡೆ. ಅದು ನಮ್ಮ ಡೇರಿ ಕಿಟಕಿಯ ಪಕ್ಕದ ಗೋಡೆಗೆ ನೇತು ಹಾಕಿರುವ ಕರಿ ಹಲಗೆ. ದಿನಾ ಎರಡು ಹೊತ್ತು ಅದರ ಮುಂದೆ ನಿಲ್ಲುತ್ತೇವೆ. ಆದರೆ ಅದರ ಚರಿತ್ರೆಯನ್ನು ಯಾರೂ ಕೇಳಿಲ್ಲ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಹಿಂದಿನವರ ಪದ್ಧತಿ

ಕೆಲಸ ಹೇಗೆ ನಡೀತಿದೆ, ಎಲ್ಲಿ ತಪ್ಪಿದೆ, ಎಷ್ಟು ಬಾಕಿ ಇದೆ ಅನ್ನೋದನ್ನು ಒಬ್ಬರ ತಲೆಯಲ್ಲೋ ಪುಸ್ತಕದಲ್ಲೋ ಮುಚ್ಚಿಡದೆ, ಬಂದವರ ಕಣ್ಣಿಗೆ ತಾನಾಗಿ ಬೀಳುವ ಹಾಗೆ ಇಡುವುದನ್ನು ಈಗಿನ ದೊಡ್ಡ ಕಾರ್ಖಾನೆಗಳಲ್ಲಿ ಒಂದು ಶಾಸ್ತ್ರವಾಗಿಯೇ ಕಲಿಸುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ವಿಷುಯಲ್ ಮ್ಯಾನೇಜ್‌ಮೆಂಟ್ ಎಂದು ಹೆಸರು. ಹೆಸರು ಹೊಸದು, ಸಂಗತಿ ನಮಗೆ ಹೊಸದಲ್ಲ.

ನಮ್ಮ ಸೀಮೆಯಲ್ಲಿ ಕೆರೆ ಏರಿ ಮೇಲೂ ಗುಡಿ ಮುಂದೆಯೂ ಶಾಸನದ ಕಲ್ಲುಗಳು ನಿಂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಬಿ.ಎಲ್. ರೈಸ್ ಅವರು ಈ ಕಲ್ಲುಗಳನ್ನು ಓದಿಸಿ ಬರೆಸಿ, ಬೆಂಗಳೂರು ಜಿಲ್ಲೆಯವುಗಳನ್ನೇ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟವಾಗಿ 1905ರಲ್ಲಿ ಹೊರತಂದರು. ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ, ಹೊಸಕೋಟೆ ಎಲ್ಲ ತಾಲ್ಲೂಕಿನ ಕಲ್ಲುಗಳೂ ಅದರಲ್ಲಿ ಇವೆ. ಯಾರಿಗೆ ಎಷ್ಟು ಗದ್ದೆ ಕೊಟ್ಟರು, ಅದರ ಎಲ್ಲೆ ಯಾವುದು, ಸಾಕ್ಷಿ ಯಾರು ಎಂದು ಕಲ್ಲಿನಲ್ಲಿ ಕಡೆದು ಊರ ನಡುವೆ ನಿಲ್ಲಿಸುತ್ತಿದ್ದರು. ಓದು ಬರಹ ಬಾರದವನಿಗೂ ತಿಳಿಯಲಿ ಎಂದು ಮೇಲೆ ಸೂರ್ಯ ಚಂದ್ರರನ್ನು ಕಡೆಯುತ್ತಿದ್ದರು. ಸೂರ್ಯ ಚಂದ್ರ ಇರುವವರೆಗೂ ಈ ಮಾತು ಇರುತ್ತದೆ ಎಂದು ಅರ್ಥ. ಶಿವಾಲಯದ ಭೂಮಿಗೆ ಲಿಂಗಮುದ್ರೆ ಕಲ್ಲು, ವಿಷ್ಣು ದೇವಾಲಯದ ಭೂಮಿಗೆ ವಾಮನಮುದ್ರೆ ಕಲ್ಲು. ಹೊಲದ ಬದುವಿನಲ್ಲಿ ಆ ಗುರುತು ನೋಡಿದರೆ ಸಾಕು, ಶಾನುಭೋಗರನ್ನು ಕೇಳಬೇಕಾಗಿರಲಿಲ್ಲ.

ಕಣದಲ್ಲಿ ರಾಶಿ ಅಳೆಯುವಾಗಲೂ ಹಾಗೆಯೇ. ನಮ್ಮ ತಾತ ಹೇಳುತ್ತಿದ್ದರು, ರಾಗಿ ರಾಶಿ ಮಾಡಿ ರಾತ್ರಿ ಬಿಡಬೇಕಾಗಿ ಬಂದರೆ ಅದರ ಮೇಲೆ ಬೂದಿಯಲ್ಲಿ ಗುರುತು ಹಾಕಿ ಬಿಡುತ್ತಿದ್ದರಂತೆ. ಯಾರಾದರೂ ಕೈ ಹಾಕಿದರೆ ಬೆಳಿಗ್ಗೆ ಗುರುತು ಕೆಟ್ಟಿರುತ್ತಿತ್ತು. ಅಳೆಯುವವನು ಕೊಳಗವನ್ನು ಎತ್ತಿ ಸುರಿಯುತ್ತಾ ಗಟ್ಟಿಯಾಗಿ ಎಣಿಸಬೇಕು. ಒಂದು ಅನ್ನುವ ಬದಲು "ಲಾಭ" ಅಂದು ಶುರು ಮಾಡುವುದು ನಮ್ಮ ಕಡೆ ರೂಢಿ. ಮನೆಮನೆಗೆ ವರ್ತನೆ ಹಾಲು ಹಾಕುವ ಕಾಲದಲ್ಲಿ ನಮ್ಮ ಅಜ್ಜಿ ಬಾಗಿಲ ಪಕ್ಕದ ಗೋಡೆಗೆ ಸುಣ್ಣದಲ್ಲಿ ಗೆರೆ ಎಳೆದು ಲೆಕ್ಕ ಇಡುತ್ತಿದ್ದರು. ಅಜ್ಜಿಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಆ ಗೆರೆಯ ಲೆಕ್ಕವನ್ನು ತಪ್ಪು ಎಂದು ಯಾರೂ ಹೇಳಿದ್ದಿಲ್ಲ, ಯಾಕೆಂದರೆ ಕೊಟ್ಟವರೂ ಇಸ್ಕೊಂಡವರೂ ಇಬ್ಬರೂ ದಿನಾ ಅದನ್ನು ನೋಡುತ್ತಿದ್ದರು.

ಸಹಕಾರ ಬಂದ ಬಗೆ

ಇಂಗ್ಲೆಂಡಿನ ರಾಕ್‌ಡೇಲ್ ಎಂಬ ಊರಿನಲ್ಲಿ 1844ರಲ್ಲಿ 28 ಮಂದಿ ನೇಕಾರರೂ ಇತರ ಕೆಲಸಗಾರರೂ ಸೇರಿ ಒಂದು ಅಂಗಡಿ ತೆರೆದರು. ಕಲಬೆರಕೆ ಇಲ್ಲದ ಸಾಮಾನು, ಸರಿಯಾದ ತೂಕ, ಸದಸ್ಯರ ಮುಂದೆ ಲೆಕ್ಕ ಇಡುವುದು ಅವರ ಕಟ್ಟಳೆ. ಜಗತ್ತಿನ ಸಹಕಾರ ಚಳವಳಿಗೆ ಅದೇ ಮೇಲ್ಪಂಕ್ತಿಯಾಯಿತು. ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರ ಕಾಯಿದೆ ಬಂತು. ಮರುವರ್ಷ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅದೇ 1905ರಲ್ಲಿ ನಮ್ಮ ಮೈಸೂರು ಸಂಸ್ಥಾನದಲ್ಲೂ ಸಹಕಾರ ಕಾನೂನು ಜಾರಿಗೆ ಬಂತು. ಸಾಲ ಕೊಡುವ ಸಾಹುಕಾರನ ಪುಸ್ತಕ ರೈತನಿಗೆ ಕಾಣುತ್ತಿರಲಿಲ್ಲ. ಎಷ್ಟು ಕಟ್ಟಿದರೂ ಅಸಲು ಹಾಗೇ ಇರುತ್ತಿತ್ತು. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಎಂಬ ಗಾದೆ ಇದೆಯಲ್ಲ, ನಮ್ಮವರ ಪಾಲಿಗೆ ಅದು ತಲೆಕೆಳಗಾಗಿತ್ತು, ಇಸ್ಕೊಂಡವನೇ ಕೋಡಂಗಿ. ಸಂಘದ ಪುಸ್ತಕ ಸದಸ್ಯನಿಗೆ ಕಾಣುತ್ತದೆ ಎನ್ನುವುದೇ ಆಗಿನ ಕಾಲಕ್ಕೆ ದೊಡ್ಡ ಬದಲಾವಣೆ.

ಹಾಲಿನ ವಿಚಾರಕ್ಕೆ ಬಂದರೆ, 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ತ್ರಿಭುವನದಾಸ ಪಟೇಲರ ಮುಂದಾಳತ್ವದಲ್ಲಿ ಒಕ್ಕೂಟ ಕಟ್ಟಿದರು. 1949ರಲ್ಲಿ ಆನಂದಕ್ಕೆ ಬಂದ ಡಾ. ವರ್ಗೀಸ್ ಕುರಿಯನ್ ಅವರು ಅದನ್ನು ಬೆಳೆಸಿದರು. ಅಲ್ಲಿನ ಪದ್ಧತಿಯಲ್ಲಿ ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ನಿಲ್ಲಬೇಕು, ಮೊದಲು ಬಂದವರಿಗೆ ಮೊದಲು, ಅಳತೆಯೂ ಪರೀಕ್ಷೆಯೂ ಎಲ್ಲರ ಎದುರಿಗೇ. ನಮ್ಮಲ್ಲಿ ಬೆಂಗಳೂರು ಡೇರಿ 1965ರಲ್ಲಿ ಶುರುವಾಯಿತು. 1970ರಲ್ಲಿ ದೇಶದಲ್ಲಿ ಕ್ಷೀರಧಾರೆಯ ಕಾರ್ಯಕ್ರಮ ಆರಂಭವಾದ ಮೇಲೆ, 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಬಂದು ಆನಂದ ಮಾದರಿಯಲ್ಲಿ ಹಳ್ಳಿಹಳ್ಳಿಗೆ ಸಂಘ ಕಟ್ಟಲು ಹೊರಟಿತು. 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ಇದಾದ ಎಷ್ಟೋ ವರ್ಷದ ಮೇಲೆ, 2000ನೇ ಇಸವಿಯಲ್ಲಿ ನಮ್ಮ ಊರಿಗೂ ಸಂಘ ಬಂತು.

ಬೆಣ್ಣೆಯ ಗೆರೆ

ಹಾಲಿನ ವ್ಯಾಪಾರದಲ್ಲಿ ಮೋಸ ಇರುವುದು ಅದು ಬೆಳ್ಳಗಿರುವುದರಿಂದ. ನೀರು ಸೇರಿದ್ದೂ ಬೆಳ್ಳಗೆ, ಸೇರದ್ದೂ ಬೆಳ್ಳಗೆ. ಅಳತೆ ಮೇಲೆ ಮಾತ್ರ ದುಡ್ಡು ಕೊಡುತ್ತಿದ್ದ ಕಾಲದಲ್ಲಿ ಒಳ್ಳೆ ಹಾಲು ಕೊಟ್ಟವನಿಗೇ ನಷ್ಟ. ಇದಕ್ಕೆ ಪರಿಹಾರ ಕಂಡುಹಿಡಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್. 1890ರಲ್ಲಿ ಅವರು ಹಾಲಿನ ಕೊಬ್ಬನ್ನು ಗಾಜಿನ ಕೊಳವೆಯ ಕತ್ತಿನಲ್ಲಿ ಬೇರೆ ನಿಲ್ಲಿಸಿ, ಗೆರೆ ನೋಡಿ ಓದುವ ವಿಧಾನ ತೋರಿಸಿದರು. ಅದಕ್ಕೆ ಅವರು ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ, ರೈತರಿಗೆ ಬಿಟ್ಟುಕೊಟ್ಟರು. ಅದೇ ಸುಮಾರಿಗೆ ಸ್ವಿಟ್ಜರ್ಲೆಂಡಿನಲ್ಲಿ ಗರ್ಬರ್ ಅವರು ಇನ್ನೊಂದು ವಿಧಾನ ಕಂಡುಕೊಂಡರು. ನಮ್ಮ ಸಂಘಗಳಿಗೆ ಬಂದದ್ದು ಗರ್ಬರ್ ವಿಧಾನ.

ಮೆಷಿನ್ನು ಬರುವ ಮುಂಚೆ ನಮ್ಮ ಹಾಲು ಪರೀಕ್ಷಕರು ಮಾಡುತ್ತಿದ್ದುದು ಈ ಕಾಲದ ಹುಡುಗರಿಗೆ ಗೊತ್ತಿರಲಾರದು. ಗಾಜಿನ ಕೊಳವೆಗೆ ಮೊದಲು 10 ಮಿ.ಲೀ. ಗಂಧಕಾಮ್ಲ, ಆಮೇಲೆ 10.75 ಮಿ.ಲೀ. ಹಾಲು, ಕಡೆಗೆ 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಬಿರಟೆ ಹಾಕಿ ಅಲುಗಿಸಿದರೆ ಕೈ ಸುಡುವಷ್ಟು ಬಿಸಿಯಾಗುತ್ತಿತ್ತು. ಅದನ್ನು ಯಂತ್ರದಲ್ಲಿಟ್ಟು ಗಿರಗಿರ ತಿರುಗಿಸಿದರೆ ಕೊಬ್ಬು ಹಳದಿ ಗೆರೆಯಾಗಿ ಮೇಲೆ ಬಂದು ನಿಲ್ಲುತ್ತಿತ್ತು. ಆ ಗೆರೆ ಎಷ್ಟು ಮನೆ ಇದೆ ಎಂದು ಎಣಿಸಿದರೆ ಅದೇ ಫ್ಯಾಟು. ಲ್ಯಾಕ್ಟೋಮೀಟರು ತೇಲಿಬಿಟ್ಟು ಎಷ್ಟರಲ್ಲಿ ನಿಂತಿತು ಎಂದು ನೋಡಿದರೆ ಅದು ಡಿಗ್ರಿ. ಎರಡೂ ಕಣ್ಣಿಗೆ ಕಾಣುವ ಪ್ರಮಾಣ. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎನ್ನುವ ಗಾದೆಗೆ ತಕ್ಕ ಹಾಗೆ.

ಹಲಗೆ ಬಂದದ್ದು

ಸಂಘ ಶುರುವಾದ ಮೊದಲ ವರ್ಷದಲ್ಲಿ ಈ ಹಲಗೆ ಇರಲಿಲ್ಲ. ಬಾಡಿಗೆ ಕೊಠಡಿ, ಒಳಗೆ ಪರೀಕ್ಷೆ, ಪುಸ್ತಕದಲ್ಲಿ ಬರೆಯುವುದು, ಬಟವಾಡೆ ದಿನ ಕಾಸು. ಆಗ ನನಗೆ ಇಪ್ಪತ್ತು ದಾಟಿದ ವಯಸ್ಸು, ಅಪ್ಪನ ಹೆಸರಿನಲ್ಲಿ ಹಾಲು ಹಾಕುತ್ತಿದ್ದೆ. ಪ್ರತಿ ಬಟವಾಡೆಗೂ ಜಗಳ. "ಅವನ ಹಾಲಿಗೆ ಹೆಂಗೆ ನಾಲ್ಕು ಫ್ಯಾಟು ಬಂತು, ನಮ್ಮದಕ್ಕೆ ಯಾಕೆ ಬರಲ್ಲ?" ಎಂದು ಒಬ್ಬರು. "ಪರೀಕ್ಷಕರು ಅವರ ಕಡೆಯೋರು" ಎಂದು ಇನ್ನೊಬ್ಬರು. ಮೇಲಿನ ಬೀದಿ ಕೆಳಗಿನ ಬೀದಿ ಎಂದು ಎರಡು ಪಾರ್ಟಿ ಆಗುವ ಮಟ್ಟಕ್ಕೆ ಹೋಯಿತು. ನಿಜ ಹೇಳಬೇಕೆಂದರೆ ಪರೀಕ್ಷಕರು ಪ್ರಾಮಾಣಿಕರೇ. ಆದರೆ ಪ್ರಾಮಾಣಿಕತೆ ಪುಸ್ತಕದೊಳಗೆ ಇತ್ತು, ಜನ ಕಿಟಕಿಯಿಂದ ಹೊರಗೆ ಇದ್ದರು.

ಆಗಿನ ನಿರ್ದೇಶಕರಲ್ಲಿ ಒಬ್ಬರು ಮೇಷ್ಟ್ರಾಗಿದ್ದು ನಿವೃತ್ತರಾದವರು. ಶಾಲೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಕರಿ ಹಲಗೆಯನ್ನು ಕೇಳಿ ತಂದು, ಇದ್ದಿಲು ಮಸಿ ಬಳಿದು, ಕಿಟಕಿ ಪಕ್ಕ ನೇತು ಹಾಕಿಸಿದರು. ಸದಸ್ಯರ ನಂಬರು, ಲೀಟರು, ಡಿಗ್ರಿ, ಫ್ಯಾಟು ಎಂದು ನಾಲ್ಕು ಮನೆ. ಹೆಸರು ಬೇಡ, ನಂಬರು ಸಾಕು ಎಂದವರೂ ಅವರೇ. ಮೊದಲ ವಾರ ಹಲಗೆ ಮುಂದೆ ಜಾತ್ರೆ. ಎರಡನೇ ವಾರಕ್ಕೆ ಜಗಳದ ದಾಟಿ ಬದಲಾಯಿತು. "ನಂಗೆ ಯಾಕೆ ಕಮ್ಮಿ" ಎನ್ನುವ ಬದಲು "ನೀವೇನು ಮೇವು ಹಾಕ್ತೀರಿ" ಎಂದು ಕೇಳುವವರು ಹುಟ್ಟಿಕೊಂಡರು. ಬರೀ ರಾಗಿ ಹುಲ್ಲು ಹಾಕುತ್ತಿದ್ದವರು ಹಸಿ ಮೇವು, ಹಿಂಡಿ, ಖನಿಜ ಮಿಶ್ರಣದ ಕಡೆ ಮನಸ್ಸು ಮಾಡಿದ್ದು ಯಾವ ಅಧಿಕಾರಿಯ ಭಾಷಣ ಕೇಳಿಯೂ ಅಲ್ಲ, ಪಕ್ಕದ ನಂಬರು ನೋಡಿ.

ಖಾಲಿ ಮನೆ

ಇನ್ನು ನನ್ನ ಸ್ವಂತ ಕಥೆಯನ್ನು ಹೇಳಲೇಬೇಕು. ಹೇಳದಿದ್ದರೆ ಈ ಲೇಖನ ಬರೆಯುವ ಯೋಗ್ಯತೆ ನನಗಿಲ್ಲ. ನಾನು ಮೊದಲ ಸಲ ನಿರ್ದೇಶಕನಾಗಿ ಆರಿಸಿ ಬಂದ ವರ್ಷ. ಒಂದು ದಿನ ಬೆಳಿಗ್ಗೆ ನಮ್ಮ ಹಾಲಿನ ಡಿಗ್ರಿ ತೀರಾ ಕೆಳಗೆ ಬಂತು. ನಮ್ಮ ಮನೆಯಲ್ಲಿ ಹಿಂದಿನಿಂದ ಒಂದು ಅಭ್ಯಾಸ, ಹಾಲು ಕರೆದ ಬಕೆಟ್ಟಿಗೆ ಒಂದು ಚೊಂಬು ನೀರು ಹಾಕಿ ಗಲಬರಿಸಿ ಅದನ್ನೂ ಕ್ಯಾನಿಗೆ ಸುರಿಯುವುದು. ಹಾಲು ಬಕೆಟ್ಟಿಗೆ ಅಂಟಿ ವ್ಯರ್ಥವಾಗಬಾರದು ಎಂದು. ಕಳ್ಳತನ ಎಂದು ಯಾರೂ ಅಂದುಕೊಂಡಿರಲಿಲ್ಲ. ಅವತ್ತು ಒಂದು ಹಸು ಹಾಲು ಕಮ್ಮಿ ಕೊಟ್ಟಿತ್ತು, ನೀರು ಮಾತ್ರ ಅಷ್ಟೇ ಬಿದ್ದಿತ್ತು.

ನಾನು ಕಾರ್ಯದರ್ಶಿಯವರ ಹತ್ತಿರ ಹೋಗಿ ಮೆಲ್ಲಗೆ, "ಇವತ್ತೊಂದು ದಿವ್ಸ ನಮ್ಮದು ಹಲಗೆ ಮೇಲೆ ಬರೀಬೇಡಿ ಸಾರ್, ಪುಸ್ತಕದಲ್ಲಿ ಬರ್ಕೊಳ್ಳಿ" ಅಂದೆ. ನಿರ್ದೇಶಕನ ಮಾತು, ಅವರು ಏನು ಮಾಡಿಯಾರು? ಬರೆಯಲಿಲ್ಲ. ಸಾಲಿನಲ್ಲಿ ನಿಂತಿದ್ದ ಒಬ್ಬ ಅಜ್ಜಿ, ಒಂದೇ ಹಸು ಸಾಕಿ ಜೀವನ ಮಾಡುವವರು, ಹಲಗೆ ನೋಡಿ ಗಟ್ಟಿಯಾಗಿ ಕೇಳಿದರು. "ಯಾಕಪ್ಪ, ಎಲ್ಲಾರ್ದೂ ಬರ್ದವ್ರೆ, ಈ ಒಂದು ಮನೆ ಯಾಕೆ ಖಾಲಿ ಐತೆ? ಇದು ಯಾರ ನಂಬ್ರು?"

ಅಜ್ಜಿಗೆ ಓದಲು ಬರುವುದಿಲ್ಲ. ಆದರೆ ಖಾಲಿ ಇರುವುದು ಕಾಣುತ್ತದೆ. ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ಆ ಕ್ಷಣ ನನ್ನ ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ಮನೆಗೆ ಹೋಗಿಬಿಡಬಹುದಿತ್ತು. ಆದರೆ ನಾಳೆ ಬೆಳಿಗ್ಗೆ ಮತ್ತೆ ಅದೇ ಹಲಗೆ ಮುಂದೆ ನಿಲ್ಲಬೇಕಲ್ಲ. ಸೀಮೆಸುಣ್ಣ ಇಸ್ಕೊಂಡು ನಾನೇ ನನ್ನ ನಂಬರಿನ ಎದುರು ಡಿಗ್ರಿ ಬರೆದೆ. "ನಂದೇ ಕಣಜ್ಜಿ, ಬಕೀಟು ತೊಳೆದ ನೀರು ಸೇರ್ಕೊಂಡೈತೆ" ಅಂದೆ. ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. "ನಮ್ಮನೇಲೂ ಹಂಗೇ ಮಾಡ್ತಿದ್ವಿ, ಬುಟ್ವಿ. ಬಕೀಟು ಬೋರ್ಲು ಹಾಕು, ಸೋರ್ಕೊಳ್ತದೆ" ಎಂದು ತನ್ನ ಚೊಂಬು ಎತ್ತಿಕೊಂಡು ಹೋದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಬಕೆಟ್ಟು ತೊಳೆದ ನೀರು ಕರುವಿಗೆ. ಆ ಅಜ್ಜಿ ಈಗಿಲ್ಲ. ಈ ಬೆಳ್ಳಿಹಬ್ಬಕ್ಕೆ ಅವರು ಇರಬೇಕಾಗಿತ್ತು.

ನೇಕಾರರ ಮಗ್ಗದಿಂದ ಕಾರಿನವರೆಗೆ

ನನ್ನ ಅಕ್ಕನ ಮಗ ಬಿಡದಿ ಕಡೆ ವಾಹನದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಹಬ್ಬಕ್ಕೆ ಬಂದಾಗ ನಮ್ಮ ಹಲಗೆ ನೋಡಿ, "ಮಾಮ, ನಮ್ಮಲ್ಲೂ ಎಲ್ಲಾ ಹಿಂಗೇ, ಗೋಡೆ ತುಂಬಾ ಬೋರ್ಡು" ಅಂದ. ಅವನಿಂದ ಕೇಳಿ, ಆಮೇಲೆ ಪುಸ್ತಕದಲ್ಲಿ ನೋಡಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ. ನಮ್ಮ ದೊಡ್ಡಬಳ್ಳಾಪುರದ ನೇಕಾರ ಸದಸ್ಯರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಜಪಾನಿನಲ್ಲಿ ಸಾಕಿಚಿ ಟೊಯೋಡಾ ಎಂಬುವರಿದ್ದರು. ಮಗ್ಗದಲ್ಲಿ ಒಂದು ಎಳೆ ಕಿತ್ತುಹೋದರೂ ಮಗ್ಗ ಓಡುತ್ತಲೇ ಇದ್ದರೆ ಗಜಗಟ್ಟಲೆ ಬಟ್ಟೆ ಕೆಡುತ್ತದೆ. ಅದಕ್ಕಾಗಿ ಒಬ್ಬ ಕಾಯುತ್ತ ಕೂರಬೇಕು. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಪವರ್‌ಲೂಮ್ ಸದ್ದು ಕೇಳಿ ಬೆಳೆದ ಯಾರಿಗೂ ಇದು ಗೊತ್ತು. ಟೊಯೋಡಾ ಅವರು ವರ್ಷಗಟ್ಟಲೆ ದುಡಿದು, ಎಳೆ ಕಿತ್ತರೆ ತಾನೇ ನಿಲ್ಲುವ, ಓಡುತ್ತಿರುವಾಗಲೇ ಲಾಳಿ ಬದಲಾಯಿಸಿಕೊಳ್ಳುವ ಮಗ್ಗವನ್ನು 1924ರಲ್ಲಿ ಪೂರ್ತಿ ಮಾಡಿದರು. ನಿಂತ ಮಗ್ಗವೇ "ಇಲ್ಲಿ ತಪ್ಪಾಗಿದೆ" ಎಂದು ಹೇಳುವ ಗುರುತು. ಒಬ್ಬನೇ ಹಲವು ಮಗ್ಗ ನೋಡಿಕೊಳ್ಳಬಹುದಾಯಿತು. ಆ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಕೊಂಡುಕೊಂಡಿತು. ಅವರ ಮನೆತನವೇ ಮುಂದೆ ಕಾರು ಮಾಡುವ ಟೊಯೋಟಾ ಕಂಪನಿ ಕಟ್ಟಿತು.

1950ರ ದಶಕದಲ್ಲಿ ಆ ಕಂಪನಿಯ ತಾಯಿಚಿ ಓನೋ ಎಂಬ ಇಂಜಿನಿಯರು ಕಾನ್‌ಬಾನ್ ಎಂಬ ಚೀಟಿ ಪದ್ಧತಿ ತಂದರು. ಕಾನ್‌ಬಾನ್ ಎಂದರೆ ಜಪಾನಿ ಭಾಷೆಯಲ್ಲಿ ಅಂಗಡಿಯ ಬೋರ್ಡು. ಸಾಮಾನಿನ ಡಬ್ಬದ ಜೊತೆ ಒಂದು ಚೀಟಿ ಇರುತ್ತದೆ. ಸಾಮಾನು ಬಳಸಿದಾಗ ಆ ಚೀಟಿ ಹಿಂದಿನ ವಿಭಾಗಕ್ಕೆ ಹೋಗುತ್ತದೆ. ಚೀಟಿ ಬಂದರೆ ಮಾತ್ರ ಅಷ್ಟು ಸಾಮಾನು ಮಾಡಬೇಕು, ಬರದಿದ್ದರೆ ಇಲ್ಲ. ಅಮೆರಿಕದ ಸೂಪರ್ ಮಾರ್ಕೆಟ್ಟುಗಳಲ್ಲಿ ಗಿರಾಕಿ ತೆಗೆದುಕೊಂಡಷ್ಟನ್ನೇ ಮತ್ತೆ ತುಂಬುವ ಪದ್ಧತಿಯಿಂದ ಅವರಿಗೆ ಈ ಯೋಚನೆ ಬಂತಂತೆ. ಇನ್ನೊಂದು ಆಂಡೋನ್. ಕೆಲಸಗಾರನಿಗೆ ಏನಾದರೂ ಸರಿಯಿಲ್ಲ ಎನಿಸಿದರೆ ಹಗ್ಗ ಎಳೆಯುತ್ತಾನೆ, ಮೇಲಿನ ಬೋರ್ಡಿನಲ್ಲಿ ಅವನ ಜಾಗದ ದೀಪ ಹತ್ತುತ್ತದೆ, ಮೇಲಿನವನು ಓಡಿ ಬರುತ್ತಾನೆ. ಹಗ್ಗ ಎಳೆದವನನ್ನು ಬೈಯುವಂತಿಲ್ಲ. ಈ ಕಂಪನಿ ಕಿರ್ಲೋಸ್ಕರರ ಜೊತೆಗೂಡಿ 1997ರಲ್ಲಿ ಸ್ಥಾಪನೆಯಾಗಿ 1999ರ ಡಿಸೆಂಬರಿನಲ್ಲಿ ಬಿಡದಿಯಲ್ಲಿ ಕಾರು ತಯಾರಿಸಲು ಶುರು ಮಾಡಿತು. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾಗುವವರೆಗೂ ಬಿಡದಿ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇತ್ತು. ಅಂದರೆ ಜಪಾನಿನ ಬೋರ್ಡೂ ನಮ್ಮೂರ ಹಲಗೆಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ಜಿಲ್ಲೆಯಲ್ಲಿ ಗೋಡೆ ಏರಿದವು.

ಅವನು ಹೇಳಿದ ಮೇಲೆ ಆಡಳಿತ ಮಂಡಳಿಯಲ್ಲಿ ಚರ್ಚಿಸಿ ನಾವೂ ಕೆಲವು ಬದಲಾವಣೆ ಮಾಡಿಕೊಂಡೆವು. ದೊಡ್ಡ ಖರ್ಚೇನೂ ಇಲ್ಲ, ಒಂದು ಡಬ್ಬ ಬಣ್ಣ.

ಮೊದಲನೆಯದು, ಫೀಡ್ ಗೋಡೌನಿನ ಗೋಡೆಗೆ ಕೆಂಪು ಗೆರೆ. ಮುಂಚೆ ಬೇಸಿಗೆಯಲ್ಲಿ ಪಶು ಆಹಾರ ಮುಗಿದ ಮೇಲೆ ಕೇಳಿ ಕಳಿಸುವುದು, ಮೂಟೆ ಬರುವ ಹೊತ್ತಿಗೆ ಹಸು ಹಾಲು ಇಳಿಸುವುದು ಆಗುತ್ತಿತ್ತು. ಈಗ ಮೂಟೆ ಸಾಲು ಕೆಂಪು ಗೆರೆಗಿಂತ ಕೆಳಗೆ ಬಂದರೆ ಅವತ್ತೇ ಇಂಡೆಂಟು. ಕಾರ್ಯದರ್ಶಿ ಮರೆತರೂ ಮೂಟೆ ಹೊರುವ ಹುಡುಗ ಜ್ಞಾಪಿಸುತ್ತಾನೆ.

ಎರಡನೆಯದು ಆಮ್ಲದ ಬಾಟಲಿಗೆ ಬೇರೆ ಗೂಡು. ಇದಕ್ಕೆ ಕಾರಣವಾದ ಸಂಗತಿ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆಮ್ಲವನ್ನೂ ನೀರನ್ನೂ ಒಂದೇ ಕಟ್ಟೆ ಮೇಲೆ ಇಡುತ್ತಿದ್ದೆವು. ಸಹಾಯಕ್ಕೆ ಇದ್ದ ಹುಡುಗ ಅವಸರದಲ್ಲಿ ನೀರೆಂದು ತಿಳಿದು ಕೈ ಮೇಲೆ ಆಮ್ಲ ಸುರಿದುಕೊಂಡ. ತಕ್ಷಣ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಸೇರಿಸಿದ್ದರಿಂದ ಕೈ ಉಳಿಯಿತು, ಕಲೆ ಉಳಿದಿದೆ. ಅದು ಆ ಹುಡುಗನ ತಪ್ಪಲ್ಲ, ಎರಡನ್ನೂ ಒಂದೇ ಕಡೆ ಇಡಲು ಬಿಟ್ಟ ನಮ್ಮ ಆಡಳಿತ ಮಂಡಳಿಯ ತಪ್ಪು. ಆಮೇಲೆ ಕೆಂಪು ಬಣ್ಣ ಬಳಿದ ಗೂಡು ಮಾಡಿಸಿ, ಬೀಗ ಹಾಕಿ, ಅಪಾಯದ ಚಿತ್ರ ಬರೆಸಿದೆವು.

ಮೂರನೆಯದು ವಸ್ತುಗಳ ಜಾಗ. ಜಪಾನಿನವರು ಐದು ಸೂತ್ರ ಹೇಳುತ್ತಾರೆ. ಬೇಡದ್ದನ್ನು ತೆಗೆ, ಬೇಕಾದ್ದಕ್ಕೆ ಜಾಗ ಮಾಡು, ಗುಡಿಸಿ ಒರೆಸು, ಹಾಗೆಯೇ ಕಾಪಾಡು, ಅದನ್ನೇ ರೂಢಿ ಮಾಡಿಕೊ. ಇದನ್ನು ಕೇಳಿ ನಮ್ಮ ಮನೆಯವರು, "ಇದನ್ನ ಹೇಳಕ್ಕೆ ಜಪಾನಿಂದ ಬರಬೇಕಾ? ನಮ್ಮ ಅಡುಗೆಮನೆ ನೋಡಿ" ಎಂದರು. ಮಾತು ನಿಜ. ಈಗ ಅಳತೆ ಲೀಟರು, ಸೋಸುವ ಬಲೆ, ಸ್ಯಾಂಪಲ್ ಬಾಟಲಿ ಇವುಗಳ ಚಿತ್ರವನ್ನು ಗೋಡೆ ಮೇಲೆ ಬರೆದು ಅಲ್ಲೇ ಮೊಳೆ ಹೊಡೆದಿದ್ದೇವೆ. ಯಾವುದು ಇಲ್ಲವೋ ಅದರ ಚಿತ್ರ ಬೋಳಾಗಿ ಕಾಣುತ್ತದೆ.

ಮೆಷಿನ್ನು ಬಂದು ಹಲಗೆ ಹೋದದ್ದು

ಕಾಲ ಬದಲಾಯಿತು. ಹಾಲು ಪರೀಕ್ಷೆಗೆ ಮೆಷಿನ್ನು, ತೂಕಕ್ಕೆ ಎಲೆಕ್ಟ್ರಾನಿಕ್ ತಕ್ಕಡಿ, ಲೆಕ್ಕಕ್ಕೆ ಕಂಪ್ಯೂಟರು ಬಂದವು. ಕ್ಷಣದಲ್ಲಿ ಫ್ಯಾಟು, ಎಸ್.ಎನ್.ಎಫ್., ರೇಟು ಎಲ್ಲ ಬರುತ್ತದೆ. ಆಮ್ಲದ ಕಾಟ ತಪ್ಪಿತು. "ಮೆಷಿನ್ ಬಂದ ಮೇಲೆ ಹಲಗೆ ಯಾಕೆ" ಎಂದು ಅದನ್ನು ತೆಗೆದು ಗೋಡೌನಿಗೆ ಹಾಕಿದೆವು. ನಾನೂ ಅದಕ್ಕೆ ಒಪ್ಪಿ ಸಹಿ ಹಾಕಿದವನೇ.

ಆದರೆ ಮೆಷಿನ್ನಿನ ಮುಖ ಕಾರ್ಯದರ್ಶಿಯವರ ಕಡೆಗಿತ್ತು, ಬೆನ್ನು ರೈತರ ಕಡೆಗೆ. ಕೈಗೆ ಬರುವ ಚೀಟಿಯಲ್ಲಿ ಇರುವೆ ಸಾಲಿನಂಥ ಅಕ್ಷರ, ಅದೂ ಕೆಲವೇ ದಿನಕ್ಕೆ ಮಾಸಿಹೋಗುವ ಕಾಗದ. ಕೆಲವು ತಿಂಗಳಲ್ಲಿ ಹಳೇ ಗುಸುಗುಸು ಮತ್ತೆ ಶುರುವಾಯಿತು. ಕೆಲವು ಸದಸ್ಯರು ಖಾಸಗಿಯವರಿಗೆ ಹಾಲು ಹಾಕತೊಡಗಿದರು. ಆ ವರ್ಷದ ವಾರ್ಷಿಕ ಮಹಾಸಭೆಯಲ್ಲಿ ಕುರ್ಚಿ ಎತ್ತುವ ತನಕ ಹೋಯಿತು. ಸಂಘ ಒಡೆದು ಎರಡಾಗುತ್ತದೆ ಎಂದು ನಾವೆಲ್ಲ ಹೆದರಿದ್ದೆವು. ಮೆಷಿನ್ನು ಸುಳ್ಳು ಹೇಳಿರಲಿಲ್ಲ. ನಾವು ಅದನ್ನು ಎಲ್ಲರಿಗೂ ಕಾಣದ ಹಾಗೆ ಇಟ್ಟಿದ್ದೆವು.

ಆಗ ನನಗೆ ತಾಲ್ಲೂಕು ಕಚೇರಿಯ ಪಹಣಿ ಕೌಂಟರು ನೆನಪಾಯಿತು. 2000ದ ಸುಮಾರಿಗೆ ಸರ್ಕಾರ ಭೂಮಿ ಯೋಜನೆ ತಂದು ಶಾನುಭೋಗರ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಹಾಕಿತು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ಆ ಕೌಂಟರುಗಳಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೇ ಪರದೆ ಇಡುವ ಏರ್ಪಾಡು ಇತ್ತು. ಗುಮಾಸ್ತ ಏನು ಒತ್ತುತ್ತಾನೋ ಅದು ರೈತನಿಗೂ ಕಾಣಬೇಕು. ನಾವೂ ಹಾಗೆಯೇ ಕಿಟಕಿಯ ಮೇಲೆ ಹೊರಗೆ ಕಾಣುವ ಇನ್ನೊಂದು ಪರದೆ ಹಾಕಿಸಿದೆವು. ದೊಡ್ಡ ಕೆಂಪು ಅಂಕಿ, ಕನ್ನಡಕ ಇಲ್ಲದವರಿಗೂ ಕಾಣುತ್ತದೆ.

ಹಲಗೆಯನ್ನೂ ಗೋಡೌನಿನಿಂದ ತೆಗೆದು ಮತ್ತೆ ನೇತು ಹಾಕಿದೆವು. ಈಗ ಅದರಲ್ಲಿ ಸದಸ್ಯರ ಲೆಕ್ಕ ಬರೆಯುವುದಿಲ್ಲ, ಸಂಘದ ಲೆಕ್ಕ ಬರೆಯುತ್ತೇವೆ. ಇವತ್ತು ನಾವು ಕೊಂಡ ಹಾಲು ಇಷ್ಟು, ಸರಾಸರಿ ಫ್ಯಾಟು ಇಷ್ಟು. ಒಕ್ಕೂಟದ ಟ್ರಕ್ ಶೀಟಿನಲ್ಲಿ ಬಂದದ್ದು ಇಷ್ಟು. ಎರಡಕ್ಕೂ ವ್ಯತ್ಯಾಸ ಇಷ್ಟು. ಶೀತಲ ಘಟಕದ ಉಷ್ಣಾಂಶ 4 ಡಿಗ್ರಿಯ ಹತ್ತಿರ ಇದೆಯೋ ಇಲ್ಲವೋ. ಸರ್ಕಾರದ ಪ್ರೋತ್ಸಾಹಧನ, 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದದ್ದು, ಯಾವ ತಿಂಗಳವರೆಗೆ ಖಾತೆಗೆ ಬಂದಿದೆ, ಯಾವ ತಿಂಗಳು ಬಾಕಿ. ಮೊದಲು ಸಂಘ ಸದಸ್ಯರನ್ನು ನೋಡುತ್ತಿತ್ತು, ಈಗ ಸದಸ್ಯರು ಸಂಘವನ್ನು ನೋಡುತ್ತಾರೆ. ವ್ಯತ್ಯಾಸ ಹೆಚ್ಚಾದ ದಿನ ಯಾರೂ ಕೇಳದಿದ್ದರೂ ನಾವೇ ಕಾರಣ ಬರೆಯುತ್ತೇವೆ, ಕ್ಯಾನು ಸೋರಿತು, ಕರೆಂಟು ಹೋಗಿತ್ತು ಎಂದು. ಹೋಗಿದ್ದವರಲ್ಲಿ ಬಹುಪಾಲು ಜನ ವಾಪಸು ಬಂದರು.

ಬರೆಯಬಾರದ್ದು

ಎಲ್ಲವನ್ನೂ ಬರೆಯಬೇಕು ಎಂದೂ ಅಲ್ಲ. ಒಮ್ಮೆ ಫೀಡ್ ಬಾಕಿ ಉಳಿಸಿಕೊಂಡ ಸುಸ್ತಿದಾರರ ಹೆಸರನ್ನು ಹಲಗೆಯಲ್ಲಿ ಬರೆಸಿದೆವು. ಬಾಕಿಯೇನೋ ಸ್ವಲ್ಪ ವಸೂಲಾಯಿತು. ಆದರೆ ಗಂಡನ ಕಾಯಿಲೆಗೆ ಖರ್ಚಾಗಿ ಕಟ್ಟಲಾಗದ ಒಬ್ಬ ಹೆಣ್ಣುಮಗಳು ಡೇರಿಗೆ ಬರುವುದನ್ನೇ ಬಿಟ್ಟರು. ನಾಲ್ಕು ಜನ ಹೋಗಿ ಮನೆ ಬಾಗಿಲಲ್ಲಿ ನಿಂತು ಕರೆತರಬೇಕಾಯಿತು. ಕೆಲಸ ಕಾಣಿಸುವುದಕ್ಕೂ ಮಾನ ತೆಗೆಯುವುದಕ್ಕೂ ವ್ಯತ್ಯಾಸವಿದೆ. ಅಂದಿನಿಂದ ಸಾಲದ ವಿಷಯ ಪುಸ್ತಕದಲ್ಲೇ. ಆ ಮೊದಲ ಮೇಷ್ಟ್ರು ಹೆಸರು ಬೇಡ ನಂಬರು ಸಾಕು ಎಂದದ್ದು ಯಾಕೆ ಎಂದು ನನಗೆ ಅವತ್ತು ತಿಳಿಯಿತು.

ಇನ್ನೊಂದು ಮಾತು. ಬರೆದು ಬಿಟ್ಟರೆ ಆಗಲಿಲ್ಲ, ಕೇಳಿದವರಿಗೆ ಉತ್ತರ ಕೊಡಬೇಕು. ಎಷ್ಟೋ ಕಚೇರಿಗಳಲ್ಲಿ ದೊಡ್ಡ ದೊಡ್ಡ ಬೋರ್ಡು ಇರುತ್ತವೆ, ಮೂರು ವರ್ಷದ ಹಿಂದಿನ ಅಂಕಿ, ಮೇಲೆ ಧೂಳು. ಅಂಥ ಬೋರ್ಡಿಗಿಂತ ಬರೀ ಗೋಡೆಯೇ ವಾಸಿ.

ಕೊನೆಯ ಮಾತು

ಈಗ ಹಾಲು ಹಾಕಿದ ಕೂಡಲೇ ಮೊಬೈಲಿಗೆ ಮೆಸೇಜು ಬರುತ್ತದೆ, ದುಡ್ಡು ಬ್ಯಾಂಕಿಗೆ ಹೋಗುತ್ತದೆ. ಒಳ್ಳೆಯದೇ. ನಮ್ಮ ಹುಡುಗರು ಹಲಗೆ ಬೇಡ, ಗುಂಪು ಮೆಸೇಜು ಸಾಕು ಅನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಮೊಬೈಲು ನನಗೊಬ್ಬನಿಗೆ ಹೇಳುತ್ತದೆ, ಹಲಗೆ ಸಾಲಿನಲ್ಲಿ ನಿಂತ ಎಲ್ಲರಿಗೂ ಒಟ್ಟಿಗೆ ಹೇಳುತ್ತದೆ. ಒಟ್ಟಿಗೆ ನೋಡುವುದರಲ್ಲೇ ಸಂಘ ಇರುವುದು.

ನಮ್ಮ ಸುತ್ತ ಭೂಮಿಗೆ ಬೆಲೆ ಬಂದಿದೆ. ದೇವನಹಳ್ಳಿ ವಿಮಾನ ನಿಲ್ದಾಣ 2008ರಲ್ಲಿ ಆದ ಮೇಲೆ ಹಸು ಮಾರಿ, ಹೊಲ ಮಾರಿ ಹೋದವರನ್ನು ನೋಡಿದ್ದೇವೆ. ಇನ್ನು ಇಪ್ಪತ್ತೈದು ವರ್ಷಕ್ಕೆ ಈ ಊರಿನಲ್ಲಿ ಎಷ್ಟು ಕೊಟ್ಟಿಗೆ ಉಳಿಯುತ್ತವೋ ದೇವರೇ ಬಲ್ಲ. ಉಳಿದವರು ಎಷ್ಟೇ ಮಂದಿ ಇರಲಿ, ಸುವರ್ಣ ಮಹೋತ್ಸವದ ದಿನ ಡೇರಿ ಗೋಡೆ ಮೇಲೆ ಹಲಗೆ ಇರಲಿ, ಅದರಲ್ಲಿ ಅವತ್ತಿನ ತಾರೀಖು ಇರಲಿ, ಯಾವ ಮನೆಯೂ ಖಾಲಿ ಇಲ್ಲದಿರಲಿ ಎಂದು ಪ್ರಾರ್ಥಿಸುತ್ತೇನೆ. ಖಾಲಿ ಇದ್ದರೆ, ಗಟ್ಟಿಯಾಗಿ ಕೇಳುವ ಒಬ್ಬ ಅಜ್ಜಿಯಾದರೂ ಸಾಲಿನಲ್ಲಿ ಇರಲಿ.



ಜೈ ಸಹಕಾರ.